ಚಕ್ರದ ಮೇಲೆ ನಾಲ್ಕು ಬೆರಳು

ಮಧುಕರನ ಕಸುಬೇ ಸ್ಪ್ರಿಂಗು. ಎಷ್ಟು ಹೇರಿದರೂ ಲಾರಿಗಳ ಬೆನ್ನು ಕುಗ್ಗದಂತೆ ನೋಡಿಕೊಳ್ಳುವುದಕ್ಕೇ ನಗೋಯಾದ ಆಚೆಗಿನ ಕಾರ್ಖಾನೆಯೊಂದು ಅವನಿಗೆ ಸಂಬಳ ಕೊಡುತ್ತಿತ್ತು. ಅಂಥವನು ಒಂದು ಭಾನುವಾರ ಬೆಳಗ್ಗೆ ಮನೆ ಮುಂದೆ ಅಂಗಾತ ಮಲಗಿ, ತನ್ನದೇ ಪುಟ್ಟ ಪಿಕಪ್ಪಿನ ಬೆನ್ನು ತಗ್ಗಿಸಲು ಹೆಣಗುತ್ತಿದ್ದ. ನೆಲಕ್ಕೆ ಒತ್ತಿಕೊಂಡಂತೆ ಓಡುವ ಗಾಡಿ ಪುಂಡ ಹುಡುಗರ ಶೋಕಿ. ಐವತ್ತು ದಾಟಿದ, ಹೆಂಡತಿ ಸತ್ತು ವರ್ಷವೂ ತುಂಬದ ಈ ಮೈಸೂರಿನ ಮನುಷ್ಯನಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ಅಕ್ಕಪಕ್ಕದವರಿಗೆ ಅನ್ನಿಸಿರಲೇಬೇಕು. ಆದರೆ ಅದು ಜಪಾನಿನ ಬೀದಿ. ಯಾರೂ ಕೇಳಲಿಲ್ಲ.

ಹೆಂಡತಿ ವೇದವಲ್ಲಿಗೆ ಗಿಡಗಳ ಹುಚ್ಚು. ತರಕಾರಿ ಸಿಪ್ಪೆ, ಕಾಫಿ ಚರಟ, ಅಕ್ಕಿ ತೊಳೆದ ನೀರು ಎಲ್ಲ ಸುರಿದು ಸುರಿದು ಬಾಲ್ಕನಿಯ ಕುಂಡಗಳಲ್ಲಿ ಕಪ್ಪನೆಯ ಮಣ್ಣು ಮಾಡಿಕೊಂಡಿದ್ದಳು. ಬಸಳೆ, ದಂಟು ಬೆಳೆದು ಪರಿಚಯದವರಿಗೆಲ್ಲ ಹಂಚುತ್ತಿದ್ದಳು. ಕುಂಡ ಸಾಗಿಸಲು ಬೇಕೆಂದು ಪಿಕಪ್ಪು ಕೊಳ್ಳಿಸಿದವಳೂ ಅವಳೇ. ಚಳಿಗಾಲದ ಒಂದು ಮಧ್ಯಾಹ್ನ ಹಾಲು ತರಲು ಕೊಂಬಿನಿ ಅಂಗಡಿಗೆ ಹೋದವಳು ಅದರ ಬಾಗಿಲಲ್ಲೇ ಬಿದ್ದಳು. ಆಸ್ಪತ್ರೆ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಧುಕರ ಅಳಲಿಲ್ಲ. ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಅವನ ಮನಸ್ಸಿಗೆ ಹಿಡಿದಿತ್ತು. ಕೆಲಸಕ್ಕೆ ಹೋದ, ಅನ್ನ ಮಾಡಿದ, ಉಂಡ. ಚಿಕ್ಕ ಮನೆಗೆ ಬಿಡಾರ ಬದಲಾಯಿಸುವಾಗ ಕುಂಡಗಳನ್ನು ಎಸೆದ. ಮಣ್ಣನ್ನು ಮಾತ್ರ ಅಲ್ಲಿನ ಕಸದವರು ಮುಟ್ಟುವುದಿಲ್ಲ. ಚೀಲಗಳಿಗೆ ತುಂಬಿ ಪಿಕಪ್ಪಿಗೆ ಹೇರಿದ, ಇಳಿಸಬೇಕೆಂದು ಆಮೇಲೆ ತೋಚಲೇ ಇಲ್ಲ. ತಿಂಗಳುಗಟ್ಟಲೆ ಆ ಮಣ್ಣು ದಿನವೂ ಅವನ ಜೊತೆ ಕಾರ್ಖಾನೆಗೆ ಹೋಯಿತು, ಬಂತು. ಭಾರಕ್ಕೆ ಗಾಡಿ ಹದವಾಗಿ ಓಡುತ್ತಿತ್ತು. ರೈಲ್ವೆ ಗೇಟಿನ ಹಳಿಗಳನ್ನು ಆನೆ ನಡೆದ ಹಾಗೆ ಮೆಲ್ಲಗೆ ದಾಟುತ್ತಿತ್ತು.

ಬೀದಿಯ ಕೊನೆಯಲ್ಲಿ ತರಕಾರಿ ಬೆಳೆಯುವ ಮುದುಕ ಕೊಂಡೋ ಸಾನ್ ಒಂದು ದಿನ ತಲೆಬಾಗಿ, ಆ ಮಣ್ಣು ಬೇಡವಾಗಿದ್ದರೆ ನನಗೆ ಕೊಡಬಹುದೇ ಎಂದು ಕೇಳಿದ. ಬೇಡವೆನ್ನಲು ಮಧುಕರನಿಗೆ ಕಾರಣ ಸಿಗಲಿಲ್ಲ. ಕೊನೆಯ ಚೀಲ ಇಳಿಸಿದಾಗ ಗಾಡಿಯ ಹಿಂಭಾಗ ಮೇಲಕ್ಕೆದ್ದಿತು. ಟೈರಿಗೂ ಮೇಲಿನ ತಗಡಿಗೂ ನಡುವೆ ನಾಲ್ಕು ಬೆರಳಿದ್ದ ಸಂದು ಆರು ಬೆರಳಾಯಿತು. ಭಾರ ಇಳಿದರೆ ಸ್ಪ್ರಿಂಗು ಏಳುತ್ತದೆ, ಇದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಆಸ್ಪತ್ರೆಯಲ್ಲಿ ನೋಯದ್ದು ಅವನಿಗೆ ಅಲ್ಲಿ ನೋಯಿತು. ಮಾರನೆಯ ದಿನ ಬರಿದಾದ ಗಾಡಿ ರೈಲ್ವೆ ಗೇಟಿನಲ್ಲಿ ಧಡಕ್ಕೆಂದು ಎಗರಿತು, ಅಂದಿನಿಂದ ದಿನವೂ ಎಗರಿತು.

ಹಾಗಾಗಿ ಈ ಭಾನುವಾರದ ಹಠ. ಅಂಗಡಿಯವರು ಮಾರುವ ದುಬಾರಿ ಸೆಟ್ಟಿನ ಗೋಜಿಗೆ ಅವನು ಹೋಗಲಿಲ್ಲ. ಹಳೆ ಸಾಮಾನಿನ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದು ಎರಡು ಕಬ್ಬಿಣದ ಬ್ಲಾಕು, ಉದ್ದನೆಯ ಬೋಲ್ಟುಗಳು. ಅಚ್ಚಿಗೂ ಸ್ಪ್ರಿಂಗಿಗೂ ನಡುವೆ ಬ್ಲಾಕು ಕೂರಿಸಿ ಬಿಗಿದರೆ ಗಾಡಿ ಅಷ್ಟು ತಗ್ಗುತ್ತದೆ. ಜ್ಯಾಕು ಕೊಂಡೋ ಸಾನ್‌ದು. ಟಾರ್ಚು ಹಿಡಿದಿದ್ದವಳು ಕಾಲೇಜಿಗೆ ಹೋಗುವ ಮಗಳು ಸಿಂಧೂರಾ.

“ಅಪ್ಪ, ಸೀರಿಯಸ್ಲೀ? ಎಲ್ಲಾ ನಗ್ತಾರೆ.”

“ನಗಲಿ ಬಿಡು. ಟಾರ್ಚ್ ಈ ಕಡೆ ಹಿಡಿ.”

ಬಿಗಿದು ಮುಗಿದ ಮೇಲೆ ಸಂದಿಗೆ ಕೈಯಿಟ್ಟು ನೋಡಿದ. ಸರಿಯಾಗಿ ನಾಲ್ಕು ಬೆರಳು. ಆ ದಿನಗಳಲ್ಲಿ ಮೊದಲ ಸಲ ಅವನ ಮುಖ ಕೊಂಚ ಸಡಿಲವಾಯಿತು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ರೈಲ್ವೆ ಗೇಟಿನತ್ತ ಹೊರಟ.

ಧಡಕ್.

ಹಳಿ ದಾಟಿ ಗಾಡಿಯನ್ನು ಬದಿಗೆ ನಿಲ್ಲಿಸಿದ. ಸ್ಟೀರಿಂಗಿನ ಮೇಲಿಟ್ಟ ಕೈ ತೆಗೆಯಲಿಲ್ಲ.

“ನಿಂಗೆ ಗೊತ್ತಿತ್ತು, ಅಲ್ವಾ? ಇದೇ ಅಲ್ವಾ ನಿನ್ ಕೆಲ್ಸ?” ಎಂದಳು ಸಿಂಧೂರಾ.

“ಗೊತ್ತಿತ್ತು ಕಣೇ. ಬ್ಲಾಕ್ ಹಾಕಿದ್ರೆ ಎತ್ತರ ಇಳಿಯತ್ತೆ, ಅಷ್ಟೆ. ಮೆತ್ತಗಾಗ್ಬೇಕು ಅಂದ್ರೆ ಭಾರ ಇರ್ಬೇಕು.”

ಅವಳು ಹಿಂದಿನ ಕಿಟಕಿಯಿಂದ ಗಾಡಿಯ ಖಾಲಿ ಹಿಂಭಾಗದತ್ತ ಕಣ್ಣು ಹಾಯಿಸಿದಳು. “ಕೊಂಡೋ ಸಾನ್ ಹತ್ರ ಹೋಗೋಣ. ಕೇಳೋಣ.”

“ಕೊಟ್ಟಿದ್ದನ್ನ ವಾಪಸ್ ಕೇಳೋದಾ? ಏನಂದ್ಕೋತಾರೆ?”

“ನಾನ್ ಕೇಳ್ತೀನಿ. ನಂಗೂ ಬೇಕು ಅಪ್ಪ.”

ಮಧುಕರ ತಿರುಗಿ ನೋಡಿದ. ಇಷ್ಟು ತಿಂಗಳು ಒಂದೇ ಮನೆಯಲ್ಲಿ ಎದುರುಬದುರು ಕೂತು ಉಂಡಿದ್ದರು. ಸತ್ತವಳು ಇವಳ ತಾಯಿಯೂ ಹೌದು ಎಂಬುದು ಅವನ ತಲೆಗೆ ಬಂದೇ ಇರಲಿಲ್ಲ. ನಾಚಿಕೆಯಾಯಿತು.

ಸಿಂಧೂರಾ ನಡುಬಗ್ಗಿಸಿ ಮಾತಿಗೊಂದು ಸುಮಿಮಾಸೆನ್, ಕ್ಷಮಿಸಿ ಎಂದು ಹೇಳಿಕೊಂಡು ಕೇಳಿದಳು. ಕೊಂಡೋ ಸಾನ್ ಯಾಕೆ ಎನ್ನಲಿಲ್ಲ. ಅರ್ಧ ಮಣ್ಣು ಬದನೆ ಮಡಿಗೆ ಹೋಗಿತ್ತು. ಉಳಿದ ಚೀಲಗಳು ಶೆಡ್ಡಿನಲ್ಲಿ ಕಟ್ಟಿದ ಗಂಟು ಬಿಚ್ಚದೆ ಕೂತಿದ್ದವು. ಮೂವರೂ ಸೇರಿ ಹೇರಿದರು. ಈಗ ಬ್ಲಾಕೂ ಇದೆ, ಭಾರವೂ ಇದೆ. ಗಾಡಿಯ ಹಿಂಭಾಗ ಹಿಂದೆಂದೂ ಇಲ್ಲದಷ್ಟು ತಗ್ಗಿ, ಚಕ್ರದ ಹಿಂದೆ ಕೆಸರು ತಡೆಯುವ ರಬ್ಬರು ರಸ್ತೆಯನ್ನು ಸವರತೊಡಗಿತು. ಕಾರ್ಖಾನೆಯವರು ನೋಡಿದ್ದರೆ ಅವನನ್ನು ಕೆಲಸದಿಂದ ತೆಗೆಯುತ್ತಿದ್ದರೇನೋ.

ರೈಲ್ವೆ ಗೇಟು ಬಂತು. ಗಾಡಿ ಎಗರದೆ ಮೆಲ್ಲಗೆ ದಾಟಿತು. ಆಚೆ ಬದಿಗೆ ಹೋಗುತ್ತಲೇ ಮಧುಕರ ಗಾಡಿ ನಿಲ್ಲಿಸಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತ. ಸಿಂಧೂರಾಳಿಗೂ ತಡೆಯಲಾಗಲಿಲ್ಲ. ಹಿಂದಿನ ಕಾರಿನವನು ಹಾರ್ನ್ ಮಾಡದೆ ಕಾದು, ಆಮೇಲೆ ಸುತ್ತು ಹಾಕಿಕೊಂಡು ಹೋದ.

“ಮುಂದಿನ್ ಸಂಡೆ ಬ್ಲಾಕ್ ತೆಗ್ಯೋಣ,” ಎಂದಳು ಸಿಂಧೂರಾ, ಮೂಗು ಒರೆಸಿಕೊಳ್ಳುತ್ತಾ. “ಮಣ್ಣು ಇರ್ಲಿ.”