ಎಕ್ಸ್‌ಚೇಂಜಕ್ಕ ಆರಿಸಿದ ಬಲ್ಬುಗಳು

ಅವರ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಪ್ಪತ್ತಾರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕರೆ ಬಂದಾಗ ಹತ್ತುವ ದೀಪಗಳ ಫಲಕಗಳನ್ನು ನೋಡಿಕೊಂಡಿದ್ದರಿಂದ ಎಲ್ಲರಿಗೂ ಎಕ್ಸ್‌ಚೇಂಜಕ್ಕ. ಅದು ಮುಚ್ಚಿದ ಮೇಲೆ ಗಂಡನ ಹೊಲಿಗೆ ಅಂಗಡಿಯಲ್ಲೇ ಒಂದು ಮೇಜು ಹಾಕಿಕೊಂಡು, ರೇಡಿಯೋ, ಮಿಕ್ಸಿ, ಫ್ಯಾನು ಎನ್ನದೆ ಕೈಗೆ ಬಂದದ್ದನ್ನೆಲ್ಲ ರಿಪೇರಿ ಮಾಡುತ್ತಿದ್ದರು. ಒಂದು ಕಡೆ ಕತ್ತರಿಯ ಸದ್ದು, ಇನ್ನೊಂದು ಕಡೆ ಬೆಸುಗೆಯ ಹೊಗೆ. ಗಿರಾಕಿಯೊಬ್ಬರ ಹೊಸ ಕೋಟಿಗೆ ಆ ಹೊಗೆಯ ವಾಸನೆ ಹತ್ತಿ ಒಮ್ಮೆ ದೊಡ್ಡ ರಂಪವೇ ಆಗಿತ್ತು.

ಒಂದು ಬೆಳಿಗ್ಗೆ ಹಳೇ ಚಿತ್ರಮಂದಿರದ ಮ್ಯಾನೇಜರ್ ಮುಖ ಸಣ್ಣದು ಮಾಡಿಕೊಂಡು ಬಂದ. ಚಿತ್ರಮಂದಿರದ ಹಜಾರದಲ್ಲಿ ಒಂದು ಪಿನ್‌ಬಾಲ್ ಯಂತ್ರವಿತ್ತು. ಗಾಜಿನ ಕೆಳಗೆ ಇಳಿಜಾರು ಹಲಗೆ, ಅದರ ಮೇಲೆ ಓಡುವ ಉಕ್ಕಿನ ಗುಂಡು, ಬಣ್ಣಬಣ್ಣದ ದೀಪ. ದೀಪ ಹತ್ತಿದ ಕಡೆಗೆ ಗುಂಡು ಹೊಡೆದರೆ ಅಂಕ. ಬಲ್ಬುಗಳು ಹಳತಾದವೆಂದು ಯಾರೋ ಬಂದು ಎಲ್ಲ ಕಡೆ ಬಿಳಿ ಎಲ್‌ಇಡಿ ಹಾಕಿ ಹೋಗಿದ್ದ. ಅಂದಿನಿಂದ ಆಡುವವರೇ ಇಲ್ಲ.

“ಅಕ್ಕಾ, ಬೆಳಕು ಜಾಸ್ತಿನೇ ಆಗಿದೆ. ಆದ್ರೂ ಯಾರೂ ಹತ್ರ ಬರ್ತಿಲ್ಲ. ಮಾಲೀಕರು ಅದನ್ನ ಗುಜರಿಗೆ ಹಾಕು ಅಂತಿದಾರೆ.”

“ಒಂದು ವಾರ ತಡೀರಿ ಅಂತ ಹೇಳಪ್ಪ,” ಎಂದರು ಅಕ್ಕ.

ಹೋಗಿ ನೋಡಿದರೆ, ಯಂತ್ರ ಆಪರೇಷನ್ ಕೋಣೆಯ ಹಾಗೆ ಬೆಳ್ಳಗೆ ಉರಿಯುತ್ತಿತ್ತು. ದೀಪಗಳ ಮೇಲೆ ಮುಚ್ಚಿದ್ದ ಕೆಂಪು ಪ್ಲಾಸ್ಟಿಕ್ ಬಿಲ್ಲೆಗಳು ತೊಳೆದು ತೊಳೆದು ಬಣ್ಣ ಬಿಟ್ಟ ಬಟ್ಟೆಯಂತೆ ಕಂಡವು. ಗುಂಡು ಹೊಳಪಿನಲ್ಲಿ ಮರೆಯಾಗುತ್ತಿತ್ತು. ಮನೆಗೆ ಬಂದು ಗಂಡನಿಗೆ ಹೇಳಿದರು.

ದರ್ಜಿ ಸೂಜಿಗೆ ದಾರ ಪೋಣಿಸುತ್ತಲೇ ನಕ್ಕರು. “ಅಲ್ವೇ, ಕೆಂಪು ಬಟ್ಟೆಗೆ ಬಿಳಿ ದಾರ ಹಾಕಿದ್ರೆ ಚೆನ್ನಾಗಿ ಕಾಣುತ್ತಾ?”

“ಇಷ್ಟು ವರ್ಷಕ್ಕೆ ಒಂದು ಒಳ್ಳೇ ಮಾತಾಡಿದ್ರಿ ನೋಡಿ!”

ಕೆಂಪು ಬಿಲ್ಲೆಗೆ ಕೆಂಪು ಎಲ್‌ಇಡಿ, ಹಸಿರಿಗೆ ಹಸಿರು ಎಂದು ಹುಡುಕಿ ತಂದು ಹಾಕಿದರು. ಬಣ್ಣವೇನೋ ಮೈತುಂಬಿ ಬಂತು. ಆದರೆ ಆಟ ನೋಡಬೇಕಲ್ಲ? ಟಿಕೆಟ್ ಕೌಂಟರಿನ ಹೆಂಗಸು ಆ ಯಂತ್ರದಲ್ಲಿ ಪಳಗಿದ ಕೈ. ಎರಡು ಗುಂಡು ಆಡಿದವಳೇ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಯಾವುದಕ್ಕೆ ಹೊಡೀಬೇಕು ಅಂತಾನೇ ಗೊತ್ತಾಗ್ತಿಲ್ಲ ಅಕ್ಕ. ಆರಬೇಕಾದ ದೀಪಾನೂ ಮಿಣಮಿಣ ಅಂತಿದೆ.”

ಅಕ್ಕ ಬಗ್ಗಿ ನೋಡಿದರು. ನಿಜ. ಆ ಎಲ್‌ಇಡಿಗಳಿಗೆ ಚೂರುಪಾರು ವಿದ್ಯುತ್ ಸೋರಿದರೂ ಸಾಕು, ಮಂಕಾಗಿ ಉರಿಯುತ್ತಿದ್ದವು. ಅಕ್ಕನಿಗೆ ನಾಚಿಕೆಯಾಯಿತು. ಎಕ್ಸ್‌ಚೇಂಜಿನಲ್ಲಿ ಹೊಸಬರಿಗೆ ಅವರೇ ಹೇಳಿಕೊಡುತ್ತಿದ್ದ ಮೊದಲ ಪಾಠ ಅದು: ಅರ್ಧ ಉರಿಯುವ ದೀಪ ಸುಳ್ಳು ಹೇಳುತ್ತದೆ, ಅದನ್ನು ನಂಬಿದರೆ ಯಾರೂ ಇಲ್ಲದ ಲೈನಿಗೆ ಹಲೋ ಎನ್ನಬೇಕಾಗುತ್ತದೆ. ಅಂಥವರೇ ಎಡವಿದ್ದರು.

“ತಪ್ಪು ನಂದೇ ಕಣಮ್ಮ. ಇನ್ನೂ ಮೂರು ದಿನ ಇದೆ,” ಎಂದವರೇ ಯಂತ್ರದ ಹಲಗೆಯನ್ನು ಎತ್ತಿ ನಿಲ್ಲಿಸಿದರು.

ಆಟಗಾರನಿಗೆ ದಾರಿ ತೋರಿಸುವ ದೀಪಗಳಿಗೆ ಹಳೇ ಕಾಲದ ತಂತಿ ಬಲ್ಬೇ ಸರಿ ಎಂದು ತೀರ್ಮಾನಿಸಿದರು. ಸೋರುವ ಅಷ್ಟಿಷ್ಟು ವಿದ್ಯುತ್ತಿಗೆ ಅದು ಜಗ್ಗುವುದಿಲ್ಲ. ಉರಿದರೆ ಉರಿಯಿತು, ಆರಿದರೆ ಆರಿತು. ಮನೆಯಲ್ಲಿ ಎಕ್ಸ್‌ಚೇಂಜಿನ ಬಲ್ಬುಗಳು ಒಂದು ಡಬ್ಬಿ ಇದ್ದವು. ಆದರೆ ಅವು ಇಪ್ಪತ್ತನಾಲ್ಕು ವೋಲ್ಟಿನವು, ಈ ಯಂತ್ರದ್ದು ಬರೀ ಆರು. ಕೊನೆಗೆ ಹಳೇ ಸ್ಕೂಟರುಗಳ ಬಿಡಿಭಾಗ ಮಾರುವ ಅಂಗಡಿಯಲ್ಲಿ ಆರು ವೋಲ್ಟಿನ ಪುಟ್ಟ ಬಲ್ಬುಗಳು ಸಿಕ್ಕವು. ಒಂದೊಂದನ್ನೂ ಮೀಟರಿಗೆ ಹಚ್ಚಿ, ಕಡಿಮೆ ಕರೆಂಟು ಎಳೆಯುವುದನ್ನಷ್ಟೇ ಆರಿಸಿಕೊಂಡರು. ಜಾಸ್ತಿ ಎಳೆದರೆ ಬಿಸಿಯಾಗುತ್ತದೆ, ಬಿಸಿಯಾದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಯಂತ್ರದ ನೆತ್ತಿಯ ಮೇಲಿನ ಚಿತ್ರದ ಗಾಜಿನ ಹಿಂದೆ ಮಾತ್ರ ಹಳದಿ ಛಾಯೆಯ ಎಲ್‌ಇಡಿ ಹಾಕಿದರು. ಅಲ್ಲಿನ ದೀಪ ಸದಾ ಉರಿಯುವಂಥದ್ದು, ಕಾವಿಗೆ ಬಣ್ಣ ಚಕ್ಕೆಯೇಳಬಾರದು.

ಗಡುವಿನ ದಿನ ಮಾಲೀಕರೇ ಬಂದು ನಿಂತರು. ಕೌಂಟರಿನ ಹೆಂಗಸು ಗುಂಡು ಬಿಟ್ಟಳು. ದೀಪ ಹತ್ತಿದಲ್ಲಿ ಹೊಡೆದಳು, ಆರಿದ್ದನ್ನು ಬಿಟ್ಟಳು. ಸಿನಿಮಾಕ್ಕೆ ಬಂದವರು ಒಬ್ಬೊಬ್ಬರಾಗಿ ಸುತ್ತುಗಟ್ಟಿದರು. ಮಧ್ಯಂತರ ಮುಗಿದ ಗಂಟೆ ಹೊಡೆದದ್ದೂ ಯಾರಿಗೂ ಕೇಳಿಸಲಿಲ್ಲ.

ಮಾಲೀಕರು ಕನ್ನಡಕ ತೆಗೆದು ಒರೆಸಿಕೊಂಡರು. “ನಾನು ಇದನ್ನ ಕೊಂಡಾಗಲೂ ಇಷ್ಟು ಚೆನ್ನಾಗಿ ಕಾಣ್ತಿರ್ಲಿಲ್ಲ. ಗುಜರಿ ಮಾತು ವಾಪಸ್ ತಗೊಂಡೆ. ಇದರ ಉಸ್ತುವಾರಿ ಇನ್ಮೇಲೆ ನಿಮ್ದೇ ಅಮ್ಮ.”

ಅಂಗಡಿ ಬಾಗಿಲು ಹಾಕಿಕೊಂಡು ನೋಡಲು ಬಂದಿದ್ದ ದರ್ಜಿ ಪಕ್ಕದವರನ್ನು ಮೊಣಕೈಯಿಂದ ತಿವಿದರು. “ನಮ್ಮನೆಯವಳು!”

ಎಕ್ಸ್‌ಚೇಂಜಕ್ಕ ಯಂತ್ರದ ಹಲಗೆಯನ್ನು ಮತ್ತೆ ಎತ್ತಿದರು. ಯಾವ ಜಾಗಕ್ಕೆ ಯಾವ ಬಲ್ಬು, ಯಾಕೆ ಅದೇ ಬಲ್ಬು ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದ್ದ ಹಾಳೆಯನ್ನು ಯಂತ್ರದ ಒಳಬದಿಗೆ ಅಂಟಿಸಿ, ಕೆಳಗೆ ತಮ್ಮ ಪೂರ್ತಿ ಹೆಸರು ಬರೆದು ಸಹಿ ಹಾಕಿದರು. ಎಕ್ಸ್‌ಚೇಂಜಿನಲ್ಲಿ ಅಷ್ಟು ವರ್ಷ ದುಡಿದರೂ ಮಾಡಿದ ಕೆಲಸದ ಮೇಲೆ ಹೆಸರು ಹಾಕಿದ್ದು ಅದೇ ಮೊದಲು.