ಜಾನಕಮ್ಮನ ಇಲಿಬೋನು

೧೯೯೯. ಅವತ್ತು ಎಂದಿನಂಥದೇ ಬೆಳಿಗ್ಗೆ. ಕಮಲಾಕರ ಮೇಷ್ಟ್ರು ಪೆರಂಬೂರಿನ ಸ್ಕೂಲಿಗೆ ಹೊರಡುತ್ತಾ ಗೊಣಗಿದರು. "ಕಂಪ್ಯೂಟರ್ ರೂಮಲ್ಲಿ ಇಲಿಗಳದೇ ಕಾಟ ಕಣೇ. ಒಂದೂ ನೆಟ್ಟಗೆ ಓಡಲ್ಲ."

ಹೆಂಡತಿ ಜಾನಕಮ್ಮ ಓದಿದ್ದು ಐದನೇ ಕ್ಲಾಸು. ಇಲಿ ಅಂದರೆ ಇಲಿ. ಬೋನಿಗೆ ಒಂದು ಚೂರು ವಡೆ ಸಿಕ್ಕಿಸಿ ಊಟದ ಚೀಲದಲ್ಲಿಟ್ಟಳು.

ಸಂಜೆ ಅವರು ನಗುತ್ತಲೇ ಬಂದರು. "ಪುಣ್ಯಾತ್ಗಿತ್ತಿ, ಅದು ಕೈಯಲ್ಲಿ ಹಿಡಿದು ಆಡಿಸೋ ಮೌಸ್! ಮಕ್ಕಳು ಅದನ್ನ ತಮಿಳಲ್ಲಿ ಎಲಿ ಅಂತಾವೆ, ಇಲಿ ಅಂತ. ಹೊಟ್ಟೇಲಿ ಒಂದು ಗುಂಡು ಇರುತ್ತೆ. ಧೂಳು ಕೂತರೆ ಓಡಲ್ಲ."

"ವಡೆ ಏನಾಯ್ತೂರೀ?"

"ಹರಿಪ್ರಿಯಾ ತಿಂದಳು."

ಹರಿಪ್ರಿಯಾ ಒಂಬತ್ತನೇ ಕ್ಲಾಸು. ಕಂಪ್ಯೂಟರಿನಲ್ಲಿ ಮೇಷ್ಟ್ರಿಗಿಂತ ಚುರುಕು. ಅದಕ್ಕೇ ಮೇಷ್ಟ್ರು ಏನು ಕಲೀಬೇಕು ನೀವೇ ಹೇಳಿ ಅಂತ ಮಕ್ಕಳನ್ನೇ ಕೇಳಿದ್ದರು. ಅರ್ಧ ಕ್ಲಾಸಿನ ಅಪ್ಪಂದಿರು ರೈಲ್ವೆ ವರ್ಕ್‌ಶಾಪಿನವರು. ರೈಲಿಗೆ ಬ್ರೇಕು ಹೇಗೆ ಬೀಳುತ್ತೆ ಅಂತ ಕಂಪ್ಯೂಟರಿನಲ್ಲಿ ಓಡುವ ಚಿತ್ರ ಮಾಡ್ತೀವಿ ಅಂದವು. ಮಕ್ಕಳು ಬೋರ್ಡಿನ ಹತ್ತಿರ, ಮೇಷ್ಟ್ರು ಹಿಂದಿನ ಬೆಂಚಲ್ಲಿ.

ಮಾರನೇ ದಿನ ರೈಲ್ವೆ ಸ್ಟೇಷನ್ ಮೆಟ್ಟಿಲ ಮೇಲೆ ಮೇಷ್ಟ್ರ ಎದೆ ನಿಂತಿತು, ಅಲ್ಲೇ ಹೋಗಿಬಿಟ್ಟರು.

ಹೆಡ್‌ಮಿಸ್ಟ್ರೆಸ್ ಗೋದಾಬಾಯಿ ಕಂಪ್ಯೂಟರ್ ರೂಮಿಗೆ ಬೀಗ ಹಾಕಿಸಿದರು. ಕರ್ಮಗಳೆಲ್ಲ ಮುಗಿದ ಮೇಲೆ ಹರಿಪ್ರಿಯಾ ಮನೆಗೆ ಬಂದಳು. "ಬ್ರೇಕು ಅರ್ಧಕ್ಕೇ ನಿಂತಿದೆ ಮಾಮಿ," ಅಂತ ತಮಿಳಿನಲ್ಲಿ ಹೇಳಿ ಅತ್ತಳು. ಜಾನಕಮ್ಮ ಅಳಲಿಲ್ಲ. ಅತ್ತಾಗಿತ್ತು. ಸೀರೆ ಬದಲಾಯಿಸಿ ಸ್ಕೂಲಿಗೆ ಹೊರಟಳು.

"ದೊಡ್ಡವರು ಯಾರೂ ಇಲ್ಲದೆ ಮಕ್ಕಳ ಕೈಗೆ ರೂಮು ಬಿಡಕ್ಕಾಗಲ್ಲಮ್ಮ," ಅಂದರು ಗೋದಾಬಾಯಿ.

"ನಾನಿರ್ತೀನಿ."

"ನಿಮಗೆ ಕಂಪ್ಯೂಟರ್ ಬರುತ್ತಾ?"

"ಇಲ್ಲ. ಅವಕ್ಕೆ ಬರುತ್ತೆ. ನಾನು ದೊಡ್ಡವಳು. ಸಾಲದಾ?"

ಗೋದಾಬಾಯಿಗೆ ನಗು ತಡೆಯಲಾಗಲಿಲ್ಲ. ಪೇರೆಂಟ್ಸ್ ಡೇ ತನಕ ಮಾತ್ರ ಅಂತ ಬೀಗದ ಕೈ ಕೊಟ್ಟರು.

ಪೇರೆಂಟ್ಸ್ ಡೇ ದಿನ ಕಂಪ್ಯೂಟರಿನಲ್ಲಿ ರೈಲು ಬಂತು. ಬ್ರೇಕು ಬಿತ್ತು. ನಿಂತಿತು. ವರ್ಕ್‌ಶಾಪಿನ ಅಪ್ಪಂದಿರು ಮುಂದೆ ನುಗ್ಗಿ, "ಇನ್ನೊಂದು ಸಲ ಓಡಿಸ್ರೋ!" ಅಂದರು. ಗೋದಾಬಾಯಿ ಬೀಗದ ಕೈ ವಾಪಸ್ ಕೇಳಲಿಲ್ಲ. ಮುಂದಿನ ವರ್ಷದ ಮಕ್ಕಳು ರೈಲು ಬೇಡ, ರಾಯಪುರಂ ಕಡಲಿನ ಮೀನುದೋಣಿ ಮಾಡ್ತೀವಿ ಅಂದವು. ಮಾಡಿ, ಅಂದಳು ಜಾನಕಮ್ಮ.

ಆಗಲೂ ದಿನಾ ಬೆಳಿಗ್ಗೆ ಅವಳೇ ಮೊದಲು ಹೋಗಿ ಬಾಗಿಲು ತೆಗೆಯುತ್ತಿದ್ದಳು. ಬೇಗ ಬಂದ ಮಕ್ಕಳು ಹೊರಗೆ ಚಪ್ಪಲಿ ಬಿಡುತ್ತಾ, "ಎಲಿ ಸಿಕ್ತಾ ಮಾಮಿ?" ಅಂತ ಕಿಚಾಯಿಸುತ್ತಿದ್ದವು. ಅವಳು ಒಂದೊಂದೇ ಮೌಸನ್ನು ಅಂಗಾತ ಮಲಗಿಸಿ, ಹೊಟ್ಟೆಯ ಗುಂಡು ತೆಗೆದು, ಮೇಷ್ಟ್ರ ಹಳೇ ಪಂಚೆಯ ಚೂರಿನಲ್ಲಿ ಒರೆಸುತ್ತಿದ್ದಳು.