ಸೊನೆ ಬಳಿದ ಬಟ್ಟಲು

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನಮ್ಮ ಎದುರಿನ ಫ್ಲ್ಯಾಟಿನಲ್ಲಿ ಮಿತ್ಸುಯೋ ಆಂಟಿ ಇದ್ದರು. ಗಂಡ ಎಂಜಿನಿಯರ್, ಮಕ್ಕಳಿಲ್ಲ, ಹಗಲಿಡೀ ಒಬ್ಬರೇ. ಊರು ಜಪಾನಿನ ನೋಟೊ, ಸಮುದ್ರದೊಳಕ್ಕೆ ಚಾಚಿಕೊಂಡ ಬೆಟ್ಟಗಳ ಸೀಮೆ. ಚಳಿಗಾಲದಲ್ಲಿ ಅಲೆಯ ನೊರೆ ಗಾಳಿಗೆ ಹಾರಿ ರಸ್ತೆಗೆ ಬಂದು ಬೀಳುತ್ತದಂತೆ. ಬೂತಾಯಿ ಮೀನನ್ನು ಉಪ್ಪು ಹಾಕಿ, ಅಕ್ಕಿ ತೌಡಿನಲ್ಲಿ ಹೂತಿಟ್ಟು ತಿಂಗಳುಗಟ್ಟಲೆ ಬಿಟ್ಟು ತಿನ್ನುತ್ತಾರಂತೆ. ಒಮ್ಮೆ ತಂದುಕೊಟ್ಟರು. ನನ್ನ ಗಂಡ ಲತೇಶ್ ಗಂಜಿಗೆ ನೆಂಚಿಕೊಂಡು, ಇದು ನಮ್ಮ ಒಣಮೀನಿನ ದೊಡ್ಡಮ್ಮನ ಮಗಳು ಎಂದರು. ಹಾಲೂಡಿಸುವವಳು ಎಂದು ನಾನು ಮುಟ್ಟಲಿಲ್ಲ.

ಆಂಟಿಯ ಅಪ್ಪ ಮರದ ಬಟ್ಟಲುಗಳಿಗೆ ಒಂದು ಜಾತಿಯ ಮರದ ಸೊನೆ ಬಳಿಯುತ್ತಿದ್ದವರು. ಬಳಿಯುವುದು, ಒಣಗಿಸುವುದು, ಇದ್ದಲಿನಿಂದ ಉಜ್ಜಿ ಮತ್ತೆ ಬಳಿಯುವುದು. ಆ ಸೊನೆ ಗಟ್ಟಿಯಾಗಲಿಕ್ಕೆ ಬಿಸಿಲಲ್ಲ, ತೇವ ಬೇಕಂತೆ. ಇಲ್ಲಿನ ಎಸಿ ಗಾಳಿಗೆ ಬಟ್ಟಲು ಬಿರಿದೀತೆಂದು ಆಂಟಿ ಕಪಾಟಿನೊಳಗೆ ಒಂದು ಲೋಟ ನೀರಿಡುತ್ತಿದ್ದರು.

೨೦೧೪ರಲ್ಲಿ ನಮ್ಮ ತೃಷಾಳ ಅನ್ನಪ್ರಾಶನಕ್ಕೆ ಅವರು ಒಂದು ಬಟ್ಟಲು ತಂದರು. ಹೊರಗೆ ಕಪ್ಪು, ಒಳಗೆ ಕೆಂಪು. ತಾನು ಹುಟ್ಟಿದಾಗ ಅಪ್ಪ ಮಾಡಿದ್ದು, ತನ್ನ ಮೊದಲ ತುತ್ತು ಇದರಲ್ಲೇ ಆದದ್ದು ಎಂದರು. ಅವರ ಕಡೆ ಹೆಣ್ಣುಮಗುವಿಗೆ ಹಿರಿಯ ಹೆಂಗಸೊಬ್ಬಳು ಅನ್ನ ಮುಟ್ಟಿಸಿದರೆ ಆಯುಷ್ಯವಂತೆ. ತೃಷಾಳನ್ನು ತೊಡೆಯ ಮೇಲಿಟ್ಟುಕೊಂಡು ಪಾಯಸದ ಒಂದು ಅಗುಳನ್ನು ತುಟಿಗೆ ತಾಗಿಸಿದರು.

ಮರುದಿನ ಮಗುವಿನ ಬಾಯಿಯ ಸುತ್ತ ಕೆಂಪು ಗುಳ್ಳೆ.

ನಾನು ಬಾಟನಿ ಓದಿದವಳು. ಆ ಮರ ಯಾವುದೆಂದು ಮೊಬೈಲಿನಲ್ಲಿ ಹುಡುಕಿದೆ. ನಮ್ಮ ಗೇರುಮರದ ಕುಟುಂಬದ್ದೇ! ಗೇರುಬೀಜದ ಸಿಪ್ಪೆಯ ಸೊನೆ ತಾಗಿ ತುಟಿ ಸುಟ್ಟುಕೊಳ್ಳದ ಮಕ್ಕಳು ನಮ್ಮ ಕರಾವಳಿಯಲ್ಲಿ ಇಲ್ಲ. ಮಂಗಳೂರಿಗೆ ಫೋನ್ ಮಾಡಿದರೆ ಅಮ್ಮ ನನಗಿಂತ ಹೆಚ್ಚು ಗಾಬರಿಯಾದರು. ಲತೇಶ್ ಒಬ್ಬರೇ ನಕ್ಕದ್ದು.

“ಎಂಥ ಮಾರಾಯ್ತಿ, ಅರವತ್ತು ವರ್ಷ ಒಣಗಿದ ಸೊನೆ ಅದು. ಆಂಟಿಯೇ ಅದರಲ್ಲಿ ಉಂಡು ಬದುಕಿದ್ದಾರಲ್ಲ?”

ನನಗೆ ಅದು ಕೇಳಲೇ ಇಲ್ಲ. ಪಾತ್ರೆ ತೊಳೆಯುವ ಹಳದಿ ಗ್ಲೌಸ್ ಹಾಕಿಕೊಂಡು, ಬಟ್ಟಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಎದುರು ಬಾಗಿಲಿನ ಬೆಲ್ ಒತ್ತಿದೆ. ಮಗುವಿಗೆ ಅಲರ್ಜಿ, ಇದು ಬೇಡ ಎಂದೆ. ಆಂಟಿ ಮೊದಲು ನೋಡಿದ್ದು ನನ್ನ ಗ್ಲೌಸನ್ನು. ಆಮೇಲೆ ಎರಡೂ ಕೈಯಲ್ಲಿ ಚೀಲ ತೆಗೆದುಕೊಂಡರು.

ಮೂರನೆಯ ದಿನ ಡಾಕ್ಟರು, ಬಾಯಿ ಒರೆಸಲಿಕ್ಕೆ ಏನು ಬಳಸುತ್ತೀರಿ ಎಂದು ಕೇಳಿದರು. ನಾನು ಬ್ಯಾಗಿನಿಂದ ಪರಿಮಳದ ವೈಪ್ಸ್ ತೆಗೆದು ತೋರಿಸಿದೆ. ಅದನ್ನು ನಿಲ್ಲಿಸಿದ ಮೇಲೆ ಗುಳ್ಳೆಗಳು ಇಳಿದವು.

ಕ್ಷಮೆ ಕೇಳಲಿಕ್ಕೆ ನನಗೆ ಒಂಬತ್ತು ದಿನ ಬೇಕಾಯಿತು. ಬಾಗಿಲಲ್ಲಿ ನಿಂತು ಎಲ್ಲ ಹೇಳಿದೆ. ಆಂಟಿ ನನಗಿಂತ ಕೆಳಗೆ ಬಾಗಿದರು. ಅವರ ತುಂಡು ತುಂಡು ಇಂಗ್ಲಿಷಿನಲ್ಲಿ ಹೇಳಿದ್ದಿಷ್ಟು: “ತಪ್ಪು ನನ್ನದು, ತೃಷಾ ಮಮ್ಮಿ. ಅಪ್ಪ ಕೆಲಸ ಮಾಡುವಲ್ಲಿಗೆ ಮಕ್ಕಳು ಬಂದರೆ, ಹಸಿ ಸೊನೆ ತಾಗೀತೆಂದು ತಾಯಂದಿರು ಓಡಿ ಬಂದು ಎಳಕೊಂಡು ಹೋಗುತ್ತಿದ್ದರು. ನೋಡಿ ಬೆಳೆದವಳು ನಾನು. ಮೊದಲು ನಿಮ್ಮನ್ನು ಕೇಳಬೇಕಿತ್ತು.”

ನಾನು ಬಟ್ಟಲನ್ನು ವಾಪಸ್ ಕೊಡಿ ಎನ್ನಲಿಲ್ಲ. ಯಾವ ಮುಖದಿಂದ ಕೇಳುವುದು? ಆದರೆ ಸರಿಹೋಯಿತೆಂದೇ ನಂಬಿದ್ದೆ, ಯಾಕೆಂದರೆ ಮರುವಾರವೇ ಅವರು ಮೂಲಂಗಿಯ ಉಪ್ಪಿನಕಾಯಿ ಕೊಟ್ಟರು, ನಾನು ನೀರುದೋಸೆ ಕೊಟ್ಟೆ.

ಸರಿಹೋಗಿರಲಿಲ್ಲ. ಅವರು ತೃಷಾಳನ್ನು ಮತ್ತೆ ಮುಟ್ಟಲಿಲ್ಲ. ಅದನ್ನು ಗಮನಿಸಲಿಕ್ಕೂ ನನಗೆ ತಿಂಗಳುಗಳೇ ಬೇಕಾದವು. ಲಿಫ್ಟಿನಲ್ಲಿ ಸಿಕ್ಕರೆ ಮಗುವನ್ನು ಮಾತಾಡಿಸುವರು, ನಗಿಸುವರು, ಕೈ ಮಾತ್ರ ಚೀಲದ ಹಿಡಿಕೆ ಬಿಡುತ್ತಿರಲಿಲ್ಲ.

ಒಂದು ದಿನ ಲಿಫ್ಟಿನೊಳಗೆ ತೃಷಾ ನನ್ನ ಸೊಂಟದಿಂದ ಅವರ ಕಡೆ ಪೂರ್ತಿ ವಾಲಿ ಎರಡೂ ಕೈ ಚಾಚಿದಳು. “ಎತ್ತಿಕೊಳ್ಳಿ ಆಂಟಿ,” ಎಂದೆ. ಬೇಡಿಕೊಂಡೆ ಎಂದರೂ ಸರಿ.

“ಈಗ ತಾನೇ ಮೀನು ಮುಟ್ಟಿದ ಕೈ,” ಎಂದು ಅವರು ನಕ್ಕರು.

ಮೀನಿನ ವಾಸನೆ ಇರಲಿಲ್ಲ. ಮಗು ಕೈ ಚಾಚಿಕೊಂಡೇ ಇತ್ತು. ಬಾಗಿಲು ತೆರೆದಾಗ ಆಂಟಿ ಗೋಡೆಗೆ ಒತ್ತಿ ನಿಂತು, ನಾವು ಮೊದಲು ಹೋಗಲೆಂದು ದಾರಿ ಬಿಟ್ಟರು.